ತಾನು ಬರೆದದ್ದನ್ನು ತಾನೇ ಓದಿದ ಡ್ರೈವ್

ಕೈಗೆತ್ತಿಕೊಂಡ ಯಂತ್ರವನ್ನು ಅರ್ಧಕ್ಕೆ ಬಿಟ್ಟು ಏಳದವನು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟು, ಕೂಡಿಸುವಾಗ ಒಂದೂ ಮಿಗದಂತೆ ಒಂದೂ ಕೊರತೆಯಾಗದಂತೆ ಕೂಡಿಸುವವನು. ಸಿರಿವಂತನ ಕಂಪ್ಯೂಟರನ್ನೂ ಬಡವನ ರೇಡಿಯೊವನ್ನೂ ಒಂದೇ ದೀಪದ ಕೆಳಗೆ ಒಂದೇ ಕಣ್ಣಿನಿಂದ ನೋಡುವವನು. ದೇವರನ್ನು ನೆನೆಯದೆ ಉಪಕರಣ ಮುಟ್ಟದವನು. ಹೆಂಡತಿಯ ಮಾತಿಗೆ ಎದುರಾಡಿದರೂ ಆ ಮಾತನ್ನು ಮರೆಯದವನು. ಮಗಳ ಶಾಲೆಯ ಬಾಗಿಲಿನಲ್ಲಿ ಗಂಟೆ ಹೊಡೆಯುವ ಮೊದಲೇ ನಿಂತಿರುವವನು. ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವವನು. ಇಂಥ ಗುಣಗಳೆಲ್ಲ ಒಬ್ಬನಲ್ಲೇ ನೆಲೆಸಿದ್ದರೂ ಆತನಿಗೆ ಹೆಸರು ತಂದದ್ದು ಇವುಗಳಲ್ಲಿ ಯಾವುದೂ ಅಲ್ಲ. ಹೆಸರು ತಂದದ್ದು ಕೋಪ. ಬೀದಿಯವರು ಆತನನ್ನು ಕೆಂಡಣ್ಣನೆಂದು ಕರೆದರು. ಅಂಗಡಿಯ ಬಾಗಿಲ ಮೇಲೆ ಬೇರೆ ಹೆಸರಿನ ಹಲಗೆ ಇದ್ದರೂ ಅಂಚೆಯವನು ಸಹ ಅದನ್ನು ಓದುವ ಗೋಜಿಗೆ ಹೋಗಲಿಲ್ಲ.

ಕೆಂಡಣ್ಣನ ತಂದೆ ಹೊಲಿಗೆಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು. ಮಗ ರೇಡಿಯೊ ಹಿಡಿದ. ಅಲ್ಲಿಂದ ಬೆರಳಚ್ಚಿನ ಯಂತ್ರಕ್ಕೆ ಬಂದ. ಕಂಪ್ಯೂಟರುಗಳು ಬಂದಾಗ, ಅವುಗಳ ಜೊತೆ ಬಂದ ದಪ್ಪ ಪುಸ್ತಕಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು ಓದಿ, ಯಾರ ಕೈಕೆಳಗೂ ಕಲಿಯದೆ ಕಲಿತ. ಹೀಗೆ ಕಷ್ಟಪಟ್ಟು ಕಲಿತವನಿಗೆ, ಕಲಿಯದೆ ಮುಟ್ಟುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಗೆ ಬಂದವರು ಯಾರಾದರೂ "ಸುಮ್ನೆ ಇಟ್ಟಿದ್ವಿ, ತಾನಾಗೇ ಕೆಟ್ಟುಹೋಯ್ತು" ಎಂದರೆ ಮುಗಿಯಿತು.

"ತಾನಾಗೇ ಕೆಡೋದು ಹಾಲು ಮಾತ್ರ. ಯಂತ್ರ ಯಾರಾದ್ರೂ ಕೆಡಿಸಿದ್ರೇ ಕೆಡೋದು. ಏನ್ ಮಾಡಿದ್ರಿ, ನಿಜ ಹೇಳಿ."

ಆ ಮಾತನ್ನು ಆತ ನೂರಾರು ಜನರಿಗೆ ಹೇಳಿದ್ದ. ಬಹುತೇಕ ಸಲ ಆತನದೇ ಸರಿಯಾಗಿರುತ್ತಿತ್ತು. ಕೋಪಿಷ್ಠನಿಗೆ ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿದ್ದವನು ಹತ್ತನೆಯ ಸಲ ನೋಡುವುದನ್ನೇ ಬಿಡುತ್ತಾನೆ.

ಊರಿನ ಅಂಚಿನಲ್ಲಿ ಒಂದು ಜಮಖಾನೆ ನೇಯುವ ಕಾರ್ಖಾನೆ ಇತ್ತು. ಕೆಳಗಿನ ಉದ್ದನೆಯ ಹಾಲಿನಲ್ಲಿ ಮಗ್ಗಗಳು. ಮೇಲೆ, ಮಗ್ಗಗಳೆಲ್ಲ ಕಾಣುವಂತೆ ಗಾಜು ಹಾಕಿಸಿದ ಒಂದು ಕೋಣೆ. ಆ ಕೋಣೆಯಲ್ಲಿ ಜಮಖಾನೆಗಳ ನಕ್ಷೆ ಬಿಡಿಸುವ ಹೆಂಗಸು ಕುಳಿತಿರುತ್ತಿದ್ದಳು. ನೇಯುವವರೆಲ್ಲ ಆಕೆಯನ್ನು ನಕ್ಷೆಯಮ್ಮ ಎನ್ನುತ್ತಿದ್ದರು. ಏಳು ವರ್ಷಗಳ ಹಿಂದೆ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಚೌಕುಳಿ ಕಾಗದವನ್ನು ಪಕ್ಕಕ್ಕಿಟ್ಟು ಅದರಲ್ಲೇ ಬಿಡಿಸಲು ಕಲಿತಳು. ಬಿಡಿಸಿದ ಪ್ರತಿಯೊಂದು ಹೂವನ್ನೂ ಬಳ್ಳಿಯನ್ನೂ ಅಂಚನ್ನೂ ಅಂಗೈಯಗಲದ ತೆಳು ಕಪ್ಪು ಫ್ಲಾಪಿಗಳಲ್ಲಿ ಉಳಿಸಿ, ಮೃದುವಾದ ಪೆನ್ನಿನಲ್ಲಿ ಹೆಸರು ಬರೆದು, ಬಡಗಿಯಿಂದ ಮಾಡಿಸಿದ ಪೆಟ್ಟಿಗೆಯಲ್ಲಿ ನಿಲ್ಲಿಸಿಡುತ್ತಿದ್ದಳು. ಏಳು ವರ್ಷಕ್ಕೆ ನಲವತ್ತೊಂದು ಫ್ಲಾಪಿ. ಅವುಗಳ ಹೊರತು ಆ ನಕ್ಷೆಗಳು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ಒಂದು ಸೋಮವಾರ ಆ ಕಂಪ್ಯೂಟರಿನಲ್ಲಿ ಫ್ಲಾಪಿಗಳಿಗೆ ಬರೆದು ಓದುವ ಡ್ರೈವ್ ಕೆಟ್ಟಿತು; ಫ್ಲಾಪಿ ತಿರುಗಿಸುವ ಮೋಟಾರು ಸುಟ್ಟುಹೋಗಿತ್ತು. ಮಂಗಳವಾರ ಕೆಂಡಣ್ಣ ಹೊಸ ಡ್ರೈವ್ ತಂದು ಕೂಡಿಸಿದ. ಕಂಪನಿಯಿಂದ ಬಂದ ನಕ್ಷೆ ಬಿಡಿಸುವ ಪ್ರೋಗ್ರಾಮಿನ ಫ್ಲಾಪಿಯನ್ನು ಹಾಕಿದ. ಅದು ಒಂದೇ ಸಲಕ್ಕೆ ಓದಿತು. ಹಳೆಯ ಡ್ರೈವನ್ನು ಬಿಡಿಭಾಗಗಳಿಗೆಂದು ಚೀಲಕ್ಕೆ ಹಾಕಿಕೊಂಡು ಹೊರಟ. ಬುಧವಾರ ಹಳೆಯ ಗಿರಾಕಿಯೊಬ್ಬ ಐದು ವರ್ಷದ ಹಿಂದಿನ ನಕ್ಷೆಯದೇ ಜಮಖಾನೆ ಬೇಕೆಂದ. ನಕ್ಷೆಯಮ್ಮ ಫ್ಲಾಪಿ ಹಾಕಿದಳು. ಓದಲಾಗುತ್ತಿಲ್ಲ ಎಂದಿತು ಪರದೆ. ಇನ್ನೊಂದು ಹಾಕಿದಳು. ಮತ್ತೊಂದು. ನಲವತ್ತೊಂದೂ ಹಾಗೆಯೇ.

ಗುರುವಾರ ಕೆಂಡಣ್ಣ ಹೋದಾಗ ಕೋಣೆಯಲ್ಲಿ ಮ್ಯಾನೇಜರ್ ಸಹ ನಿಂತಿದ್ದ. ಮಾತನಾಡುವಾಗ ಕೈಗಡಿಯಾರ ನೋಡಿಕೊಳ್ಳುವ ಮನುಷ್ಯ. ಹಿಂದಿನ ತಿಂಗಳು ರಜೆಯ ವಿಷಯಕ್ಕೆ ನಕ್ಷೆಯಮ್ಮನೊಡನೆ ಜಗಳವಾಡಿದ್ದ.

ಕೆಂಡಣ್ಣ ಕೇಬಲ್ ಬಿಚ್ಚಿ ಹಾಕಿದ. ಓದುವ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಕಂಪನಿಯ ಫ್ಲಾಪಿ ಹಾಕಿದ; ಓದಿತು. ತನ್ನ ಅಂಗಡಿಯಿಂದ ತಂದ ಫ್ಲಾಪಿ ಹಾಕಿದ; ಓದಿತು. ಪೆಟ್ಟಿಗೆಯಿಂದ ಮೂರು ಫ್ಲಾಪಿ ಎಳೆದು ಎರಡೆರಡು ಸಲ ಹಾಕಿದ. ಒಂದೂ ಓದಲಿಲ್ಲ. ಕೆಳಗಿನ ಕಚೇರಿಯ ಕಂಪ್ಯೂಟರಿನಲ್ಲೂ ಓದಲಿಲ್ಲ. ಅಲ್ಲಿಗೆ ಆತನ ತಾಳ್ಮೆ ಮುಗಿಯಿತು.

"ಡ್ರೈವ್ ಚೆನ್ನಾಗಿದೆ. ಫ್ಲಾಪಿಗಳು ಸತ್ತಿವೆ. ಎಲ್ಲಿಟ್ಟಿದ್ರಿ ಇವನ್ನ?"

"ಎಲ್ಲಿಡ್ತಿದ್ನೋ ಅಲ್ಲೇ. ಈ ಪೆಟ್ಟಿಗೇಲೇ" ಎಂದಳು ನಕ್ಷೆಯಮ್ಮ.

"ಬೆರಳಲ್ಲಿ ಮುಟ್ಟಿದ್ರಾ, ಈ ತೆರೆದಿರೋ ಜಾಗದಲ್ಲಿ?"

"ಏಳು ವರ್ಷದಿಂದ ಹಿಡೀತಿದ್ದೀನಪ್ಪ. ಅಷ್ಟೂ ಗೊತ್ತಿಲ್ವಾ ನಂಗೆ?"

"ಗೊತ್ತಿದ್ರೆ ಹೀಗಾಗ್ತಿತ್ತಾ? ತಾನಾಗೇ ಕೆಡೋದು ಹಾಲು ಮಾತ್ರ!"

ಆಗ ಮ್ಯಾನೇಜರನ ಕಣ್ಣು ಕೋಣೆಯ ಮೂಲೆಗೆ ಬಿತ್ತು. ನೆಲದ ಮೇಲೆ ಬಿದ್ದ ಸೂಜಿಗಳನ್ನು ಎತ್ತಲು ನೇಯುವವರು ಬಳಸುವ, ತುದಿಗೆ ಆಯಸ್ಕಾಂತ ಕಟ್ಟಿದ ಕೋಲು ಅಲ್ಲಿ ಒರಗಿತ್ತು.

"ಇದು ಹತ್ತಿರ ಬಂದ್ರೆ ಫ್ಲಾಪಿ ಅಳಿಸಿಹೋಗುತ್ತಲ್ವೇನ್ರೀ?"

"ಸವರಿದ್ರೆ ಪೂರ್ತಿ ಹೋಗುತ್ತೆ" ಎಂದ ಕೆಂಡಣ್ಣ. ಆತ ಹೇಳಿದ್ದು ನಿಜ. ಆದರೆ ಆ ನಿಜವನ್ನು ಆ ಹೊತ್ತಿನಲ್ಲಿ, ಆ ಮನುಷ್ಯನ ಕೈಗೆ ಕೊಟ್ಟದ್ದು ಅನ್ಯಾಯ.

ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಏನು ಕೆಟ್ಟರೂ ರಿಪೇರಿಯವನು ಕಾರಣದ ಚೀಟಿ ಬರೆದುಕೊಡಬೇಕು. ಚೀಟಿಯಲ್ಲಿ ಮೂರೇ ಮನೆ: ಯಂತ್ರ, ಸಾಮಗ್ರಿ, ಬಳಸಿದವರು. ಒಂದಕ್ಕೆ ಗುರುತು ಹಾಕದೆ ಚೀಟಿ ಮುಗಿಯುವುದಿಲ್ಲ. ಲೋಕದಲ್ಲಿ ಕೆಡುವುದಕ್ಕೆ ಮೂರೇ ದಾರಿಯಿವೆಯೆಂದು ತೀರ್ಮಾನಿಸಿದ ಆ ಚೀಟಿಯನ್ನು ಯಾರು ಅಚ್ಚು ಹಾಕಿಸಿದರೋ ದೇವರೇ ಬಲ್ಲ. ಕೆಂಡಣ್ಣ ಮೂರನೆಯ ಮನೆಗೆ ಗುರುತು ಹಾಕಿ, ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದ.

ಮ್ಯಾನೇಜರ್ ಆ ಚೀಟಿಯನ್ನು ಹಿಡಿದುಕೊಂಡು, ನಕ್ಷೆಯಮ್ಮನನ್ನೂ ಕರೆದುಕೊಂಡು ಕೆಳಗಿಳಿದ. ಮಗ್ಗಗಳನ್ನು ನಿಲ್ಲಿಸಿ, ನಲವತ್ತು ಜನ ನೇಯುವವರ ಎದುರಿಗೆ ಹೇಳಿದ: ರಜೆ ಕೊಡಲಿಲ್ಲವೆಂಬ ಸಿಟ್ಟಿಗೆ ನಕ್ಷೆಗಳನ್ನೆಲ್ಲ ಬೇಕೆಂದೇ ಅಳಿಸಿದ್ದಾಳೆ, ಶನಿವಾರ ಆಕೆಯ ಕೊನೆಯ ದಿನ. ಏಳು ವರ್ಷ ತಾನು ಬಿಡಿಸಿದ ಹೂವುಗಳನ್ನು ಕೆಡಿಸಿದವಳು ಎಂಬ ಮಾತನ್ನು, ಆ ಹೂವುಗಳನ್ನು ನೇಯ್ದವರ ಮುಂದೆ ಒಬ್ಬ ಹೆಂಗಸು ಕೇಳಬೇಕಾಯಿತು. ಇದನ್ನು ಬರೆಯುವಾಗಲೂ ಲೇಖನಿ ಬಿಸಿಯಾಗುತ್ತದೆ. ಒಂದು ಗುರುತು, ಒಂದು ಸಹಿ, ಅರ್ಧ ಗಂಟೆಯ ಪರೀಕ್ಷೆ: ಒಬ್ಬರ ಮಾನ ಕಳೆಯಲು ಇಷ್ಟು ಸಾಕಾಗುವುದಾದರೆ, ಮಾನ ಗಳಿಸಲು ಏಳು ವರ್ಷ ಏಕೆ ಬೇಕು?

ಶುಕ್ರವಾರ ಬೆಳಗ್ಗೆ ಕೆಂಡಣ್ಣ ಅಂಗಡಿ ತೆರೆಯುವ ಹೊತ್ತಿಗೆ ನಕ್ಷೆಯಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಫ್ಲಾಪಿ, ಒಂದು ಕಾಗದ.

"ಅಳೋಕೆ ಬಂದಿಲ್ಲ. ಜಗಳಕ್ಕೆ ಬಂದಿದ್ದೀನಿ. ಕೂತ್ಕೊಳ್ಳಿ" ಎಂದಳು.

ತನ್ನ ಅಂಗಡಿಯಲ್ಲಿ ತನಗೇ ಕೂತುಕೊಳ್ಳಲು ಹೇಳಿದವರನ್ನು ಕೆಂಡಣ್ಣ ಅದುವರೆಗೆ ಕಂಡಿರಲಿಲ್ಲ. ಕುಳಿತ.

"ನೀವು ಮೂರು ಫ್ಲಾಪಿ ಎರಡೆರಡು ಸಲ ಹಾಕಿದ್ರಿ. ನಾನು ನಿನ್ನೆ ಸಂಜೆ ತನಕ ಇದೊಂದನ್ನೇ ಹಾಕ್ದೆ. ಹನ್ನೊಂದನೇ ಸಲಕ್ಕೆ ನಕ್ಷೆಗಳ ಹೆಸರಿನ ಪಟ್ಟಿ ಬಂತು. ಪಟ್ಟಿ ಮಾತ್ರ, ನಕ್ಷೆ ಬರ್ಲಿಲ್ಲ. ಆದ್ರೆ ಬಂತು. ಇಗೋ, ಬರ್ಕೊಂಡಿದ್ದೀನಿ. ಆಯಸ್ಕಾಂತ ಸವರಿದ್ರೆ ಪೂರ್ತಿ ಹೋಗುತ್ತೆ ಅಂದ್ರಲ್ಲ, ಹೋಗಿರೋದು ಹೇಗೆ ಬಂತು? ಹೇಳಿ."

ಕೆಂಡಣ್ಣ ಕಾಗದಕ್ಕೆ ಕೈ ಚಾಚಿದ.

"ಸೋಮವಾರದ ತನಕ ಎಲ್ಲಾ ಓದ್ತಿದ್ವು. ಒಂದೇ ದಿನ ನಲವತ್ತೊಂದೂ ಸಾಯುತ್ತಾ? ಅವಕ್ಕೇನು ಪ್ಲೇಗ್ ಬಂದಿತ್ತಾ?" ಎಂದು ದನಿ ಏರಿಸಿದಳು. "ಇನ್ನೊಂದು. ಕಂಪನಿ ಫ್ಲಾಪಿ ನಿಮ್ಮ ಹೊಸ ಡ್ರೈವಲ್ಲಿ ಒಂದೇ ಏಟಿಗೆ ಓದ್ತು ಅಂತ ಹೆಮ್ಮೆಪಟ್ರಿ. ಹಳೇದ್ರಲ್ಲಿ ಅದು ಮೂರು ಸಲ, ನಾಲ್ಕು ಸಲ ಹಾಕದೆ ಯಾವತ್ತೂ ಓದಿದ್ದಿಲ್ಲ. ಮೊದಲ ದಿನದಿಂದಾನೂ. ಅದರ ಗುಣವೇ ಹಾಗೆ ಅಂತ ನಾವೂ ಸುಮ್ನಿದ್ವಿ. ನೀವು ಕೇಳಿದ್ರೆ ತಾನೇ ಹೇಳೋದು? ಬಂದೋರು ಕೂಗಾಡಿದ್ರಿ, ಗುರುತು ಹಾಕಿದ್ರಿ, ಹೋದ್ರಿ."

ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಆಕೆ ಹೊರಟುಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಧಡಾರನೆ ಬಡಿದಿದ್ದರೆ ಕೆಂಡಣ್ಣನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆತ ಹಳೆಯ ಡ್ರೈವನ್ನು ಚೀಲದಿಂದ ತೆಗೆದು ದೀಪದ ಕೆಳಗಿಟ್ಟ. ಫ್ಲಾಪಿಯ ಮೇಲೆ ಅಕ್ಷರಗಳು ಒಂದರೊಳಗೊಂದು ಉಂಗುರಗಳಂತೆ ಸುತ್ತಿಕೊಂಡಿರುತ್ತವೆ. ಹೆಡ್ ಆ ಉಂಗುರದ ಮೇಲೆ ನೆಟ್ಟಗೆ ನಿಲ್ಲಬೇಕು. ಹೆಡ್ಡನ್ನು ಸರಿಸುವ ಪುಟ್ಟ ಮೋಟಾರನ್ನು ಹಿಡಿದಿರುವ ಎರಡು ಸ್ಕ್ರೂಗಳನ್ನು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದರೆ ಅದು ಉಂಗುರ ಬಿಟ್ಟು ಪಕ್ಕಕ್ಕೆ ನಿಲ್ಲುತ್ತದೆ. ಈ ಡ್ರೈವಿನ ಆ ಎರಡು ಸ್ಕ್ರೂಗಳ ತಲೆಯ ಮೇಲೆ ಒಣಗಿದ ಗುಲಾಬಿ ಬಣ್ಣದ ಹನಿಗಳಿದ್ದವು. ಸರಿಹೊಂದಿಸಿದ ಸ್ಕ್ರೂ ಅಲುಗದಿರಲೆಂದು ಉಗುರುಬಣ್ಣದ ಹನಿ ಹಾಕಿ ಮುಚ್ಚುವ ರೂಢಿ ಆ ಊರಿನಲ್ಲಿ ಒಬ್ಬನಿಗೇ ಇತ್ತು.

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಕಾಫಿ ತಂದವಳು ಆತನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಇದು ನನ್ನ ಗುಲಾಬಿ ಶೀಶೆ! ಮಗಳು ಹುಟ್ಟಿದ ವರ್ಷ ತವರಿಂದ ತಂದಿದ್ದು. ನಾನು ಎರಡು ಸಲ ಹಚ್ಕೊಂಡೆ, ಉಳಿದಿದ್ದೆಲ್ಲಾ ನಿಮ್ಮ ಸ್ಕ್ರೂಗಳೇ ಹಚ್ಕೊಂಡ್ವು. ಊರಲ್ಲಿ ಇಷ್ಟು ಸಿಂಗಾರ ಮಾಡ್ಕೊಂಡ ಸ್ಕ್ರೂಗಳು ಇನ್ನೆಲ್ಲೂ ಇಲ್ಲ, ಬಿಡಿ."

ಆತ ನಗಲಿಲ್ಲ. ಮಗಳಿಗೆ ಏಳು ವರ್ಷ; ಕಾರ್ಖಾನೆಯ ಕಂಪ್ಯೂಟರಿಗೂ ಏಳು.

ಆಗ ನೆನಪು ಬಿಚ್ಚಿಕೊಂಡಿತು. ಕಾರ್ಖಾನೆಗೆ ಕಂಪ್ಯೂಟರ್ ಬಂದ ದಿನ ಲಾರಿಯವರು ಅದನ್ನು ಇಳಿಸುವಾಗ ಬೀಳಿಸಿದ್ದರು. ಡ್ರೈವಿನಲ್ಲಿ ಹೆಡ್ ಸರಿಸುವ ಮೋಟಾರು ತಿರುಚಿಕೊಂಡಿತ್ತು. ಲಾರಿಯವನ ಮೇಲೆ ಕೂಗಾಡಿ ಗಂಟಲು ಕಟ್ಟಿಸಿಕೊಂಡು ಬಂದ ಕೆಂಡಣ್ಣ, ಅದೇ ಉರಿಯಲ್ಲಿ ಆ ಸ್ಕ್ರೂಗಳನ್ನು ಸಡಿಲಿಸಿ, ಕಣ್ಣಂದಾಜಿನಲ್ಲಿ ತಿರುಗಿಸಿ ಕೂರಿಸಿದ್ದ. ಹೆಡ್ ನೆಟ್ಟಗಿದೆಯೇ ಎಂದು ಅಳೆಯಲೆಂದೇ ಕಂಪನಿಯವರು ಬರೆದುಕೊಡುವ ಫ್ಲಾಪಿಯೊಂದು ಇರುತ್ತದೆ; ಅದನ್ನು ಕಪಾಟಿನಿಂದ ತೆಗೆಯುವಷ್ಟೂ ತಡೆಯಲಿಲ್ಲ. ಖಾಲಿ ಫ್ಲಾಪಿ ಹಾಕಿದ, ನಾಲ್ಕು ಸಾಲು ಬರೆಸಿದ, ಅದನ್ನೇ ಓದಿಸಿದ. ಓದಿತು. ಹನಿ ಹಾಕಿ ಮುಚ್ಚಿದ.

ಓದದೆ ಏನು ಮಾಡೀತು? ಪಕ್ಕಕ್ಕೆ ನಿಂತು ಬರೆದದ್ದನ್ನು ಅದು ಪಕ್ಕಕ್ಕೆ ನಿಂತೇ ಓದಿತು. ಏಳು ವರ್ಷ ಓರೆಯಾಗಿ ಬರೆಯಿತು, ಓರೆಯಾಗಿಯೇ ಓದಿತು, ಯಾರಿಗೂ ಗೊತ್ತಾಗಲಿಲ್ಲ. ನೆಟ್ಟಗೆ ನಿಲ್ಲುವ ಹೊಸ ಡ್ರೈವ್ ಬಂದ ದಿನ ನಲವತ್ತೊಂದು ಫ್ಲಾಪಿಗಳೂ ಅದಕ್ಕೆ ಕಾಣದೆ ಹೋದವು. ಬೇರೆ ಯಂತ್ರದಲ್ಲಿ ಒಮ್ಮೆ ಹಾಕಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ತಾನು ಮಾಡಿದ್ದಕ್ಕೆ ತನ್ನಿಂದಲೇ ಸಾಕ್ಷಿ ಹೇಳಿಸುವುದು ಪರೀಕ್ಷೆಯಲ್ಲವೆಂಬುದು ಆತ ಬಲ್ಲ ವಿಷಯವೇ. ಕೋಪ ಬಂದ ದಿನ ಬಲ್ಲದ್ದು ಕೈಗೆ ಒದಗಲಿಲ್ಲ.

ಹೆಂಡತಿಗೆ ಎಲ್ಲವನ್ನೂ ಹೇಳಿದ. ಹೇಳಿ, "ನಂಗೆ ದಾರಿ ಗೊತ್ತಿದೆ. ಇನ್ನೊಂದು ಡ್ರೈವನ್ನ ಬೇಕಂತ್ಲೇ ಓರೆ ಮಾಡಿ ಕೂರಿಸಿದ್ರೆ ಇವೆಲ್ಲಾ ಓದ್ತವೆ. ಸುಮ್ನೆ ಓದಿಸಿಕೊಟ್ಟು ಬಂದುಬಿಡ್ತೀನಿ. ನಕ್ಷೆ ಸಿಕ್ಕರೆ ಆಯ್ತಲ್ಲ" ಎಂದ.

"ಫ್ಲಾಪಿ ಓದಿಸಿದ್ರೆ ಆಯಮ್ಮನ ಮೇಲೆ ಹೇಳಿದ ಮಾತು ತಾನಾಗೇ ಅಳಿಸಿಹೋಗುತ್ತಾ?"

"ಎಲ್ಲಾ ಗೊತ್ತಾದ್ರೆ ಕಾರ್ಖಾನೆ ಕೆಲಸ ನನ್ನ ಕೈತಪ್ಪುತ್ತೆ ಕಣೆ."

"ತಪ್ಪಲಿ. ಅಲ್ಲಾರೀ, ಊರಿನವರ ಮೇಲೆಲ್ಲಾ ಕೂಗಾಡ್ತೀರಲ್ಲ, 'ಏನ್ ಮಾಡಿದ್ರಿ ನಿಜ ಹೇಳಿ' ಅಂತ. ಈಗ ನೀವು ಹೇಳಿ. ಬರೀ ಹೊರಗಿನವರಿಗಾ ಆ ಮಾತು?"

ಕೆಂಡಣ್ಣನಿಗೆ ಭಯಂಕರ ಸಿಟ್ಟು ಬಂತು. ಆ ಸಿಟ್ಟು ಹೆಂಡತಿಯ ಮೇಲಲ್ಲವೆಂದು ಅರಿವಾಗಲು ಕಾಫಿ ಆರುವಷ್ಟು ಹೊತ್ತು ಹಿಡಿಯಿತು. ಅದುವರೆಗೆ ಆತನ ಕೋಪಕ್ಕೆ ಹೋಗಿ ಬೀಳಲು ಯಾವಾಗಲೂ ಬೇರೊಬ್ಬರು ಇರುತ್ತಿದ್ದರು. ಅಂದು ಯಾರೂ ಇರಲಿಲ್ಲ.

ಶನಿವಾರ ಬೆಳಗ್ಗೆ, ಚೀಲದಲ್ಲಿ ತನ್ನದೊಂದು ಡ್ರೈವನ್ನೂ ಸುಟ್ಟ ಹಳೆಯ ಡ್ರೈವನ್ನೂ ಇಟ್ಟುಕೊಂಡು ಕಾರ್ಖಾನೆಗೆ ಹೋದ. ನಕ್ಷೆಯಮ್ಮ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಆತ ಹಳೆಯ ಡ್ರೈವನ್ನು ಆಕೆಯ ಮುಂದಿಟ್ಟು, ಗುಲಾಬಿ ಹನಿಗಳನ್ನು ತೋರಿಸಿ, ನಡೆದದ್ದನ್ನು ನಡೆದಂತೆ ಹೇಳಿದ.

ಆಕೆ ಪೂರ್ತಿ ಕೇಳಿದಳು. "ಮೊದಲು ಓದ್ಸಿ" ಎಂದಳು. ಅಷ್ಟೇ.

ತಂದ ಡ್ರೈವನ್ನು ಎರಡನೆಯ ಡ್ರೈವಾಗಿ ಕೂಡಿಸಿದ. ಚೆನ್ನಾಗಿದ್ದ ಅದರ ಎರಡು ಸ್ಕ್ರೂಗಳನ್ನು ತನ್ನ ಕೈಯಿಂದಲೇ ಸಡಿಲಿಸಿದ. ಸರಿಯಾಗಿರುವುದನ್ನು ಕೆಡಿಸುವುದು ಆತನ ಬಾಳಿನಲ್ಲಿ ಅದೇ ಮೊದಲು, ಬೆರಳು ಒಪ್ಪಲಿಲ್ಲ. ಮೋಟಾರನ್ನು ಒಂದು ಎಳೆ ತಿರುಗಿಸುವುದು, ಫ್ಲಾಪಿ ಹಾಕುವುದು, ತೆಗೆಯುವುದು, ಮತ್ತೊಂದು ಎಳೆ ತಿರುಗಿಸುವುದು. ನಕ್ಷೆಯಮ್ಮ ಪಕ್ಕದಲ್ಲಿ ನಿಂತು ಪರದೆ ನೋಡಿ ಹೇಳುತ್ತಿದ್ದಳು: "ಇಲ್ಲ." "ಇಲ್ಲ." "ಹೆಸರು ಬಂತು." "ಹೋಯ್ತು, ಜಾಸ್ತಿ ತಿರುಗಿಸಿದ್ರಿ." ಎರಡು ಗಂಟೆಯ ಮೇಲೆ ಪರದೆಯ ಅಂಚಿನಿಂದ ಒಂದು ಬಳ್ಳಿ ಇಳಿಯತೊಡಗಿತು, ಎಲೆಯ ಮೇಲೆ ಎಲೆ, ಹೂವಿನ ಮೇಲೆ ಹೂ.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಪರದೆ ನೋಡಿದ, ಕೈಗಡಿಯಾರ ನೋಡಿದ.

"ಓದ್ತಲ್ಲ! ಸರಿ, ಹಾಗಾದ್ರೆ ಇವರು ಹೋಗೋದು ಬೇಡ. ವಿಷಯ ಇಲ್ಲಿಗೆ ಬಿಡೋಣ."

"ಇಲ್ಲಿಗೆ ಬಿಡೋಕೆ ನೀವು ಇಲ್ಲಿ ಹೇಳಿದ್ರಾ ಸ್ವಾಮಿ? ಕೆಳಗೆ ಹೇಳಿದ್ರಿ. ಆ ಚೀಟಿ ಕೊಡಿ" ಎಂದ ಕೆಂಡಣ್ಣ.

"ಯಾಕ್ರೀ ಈಗ ಅದೆಲ್ಲಾ?"

"ಕೊಡಿ ಅಂದ್ನಲ್ಲ!"

ಮ್ಯಾನೇಜರ್ ಕೊಟ್ಟ. ಕೆಂಡಣ್ಣ ಮೂರನೆಯ ಮನೆಯ ಗುರುತನ್ನು ಅಡ್ಡಗೀಟೆಳೆದು ಹೊಡೆದುಹಾಕಿ, ಅದರ ಕೆಳಗೆ ನಾಲ್ಕನೆಯ ಮನೆಯೊಂದನ್ನು ಕೈಯಿಂದ ಬರೆದ: ರಿಪೇರಿ ಮಾಡಿದವನು. ಅದಕ್ಕೆ ಗುರುತು ಹಾಕಿ ಸಹಿ ಮಾಡಿದ. ಮಾಡಿ, ನಕ್ಷೆಯಮ್ಮನನ್ನು ಕರೆದುಕೊಂಡು ಮೆಟ್ಟಿಲಿಳಿದ.

ಮಗ್ಗಗಳು ಓಡುತ್ತಿದ್ದವು. ನಿಲ್ಲಿಸಲು ಮ್ಯಾನೇಜರ್ ಒಪ್ಪಲಿಲ್ಲ. ಆಪಾದನೆಗೆ ನಿಂತ ಮಗ್ಗಗಳು ಅದನ್ನು ಹಿಂತೆಗೆದುಕೊಳ್ಳಲು ನಿಲ್ಲಬಾರದೆ? ಇರಲಿ. ಕೆಂಡಣ್ಣನಿಗೆ ದೇವರು ಕೊಟ್ಟ ಗಂಟಲಿತ್ತು. ಹಾಲಿನ ನಡುವೆ ನಿಂತು, ನಲವತ್ತು ಮಗ್ಗಗಳ ಸದ್ದನ್ನು ಮೀರಿ ಕೂಗಿದ:

"ಕೇಳಿ! ಎಲ್ಲಾರೂ ಕೇಳಿ! ಈಯಮ್ಮ ಏನೂ ಅಳಿಸಿಲ್ಲ! ಏಳು ವರ್ಷದ ಹಿಂದೆ ಡ್ರೈವ್ ಓರೆ ಕೂರಿಸಿದ್ದು ನಾನು! ತಪ್ಪು ನಂದು! ಸುಳ್ಳು ಗುರುತು ಹಾಕಿದ್ದೂ ನಾನೇ! ಈಯಮ್ಮನ್ನ ಇನ್ನು ಯಾರಾದ್ರೂ ಒಂದು ಮಾತಂದ್ರೆ ಅಂಗಡಿಗೆ ಬಂದು ನಂಗೆ ಅನ್ನಿ!"

ಕೆಂಡಣ್ಣ ತನ್ನನ್ನೇ ಬೈದುಕೊಳ್ಳುವುದನ್ನು ನೋಡುವ ಯೋಗ ಸಿಗುತ್ತದೆಂದು ನೇಯುವವರಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಒಂದೊಂದಾಗಿ ಮಗ್ಗಗಳು ತಾವೇ ನಿಂತವು. ನೇಯುವವರಲ್ಲಿ ಹಿರಿಯಳೊಬ್ಬಳು ಹಿಂದಿನಿಂದ ಕೂಗಿದಳು: "ಕೇಳಿಸ್ತು ಬಿಡಪ್ಪಾ, ಊರಿಗೇ ಕೇಳಿಸ್ತು! ಇನ್ನೊಂದ್ಸಲ ಕೂಗಿದ್ರೆ ನೂಲು ಹರಿಯುತ್ತೆ!" ನಗು ಹಾಲಿನುದ್ದಕ್ಕೂ ಹಬ್ಬಿತು. ನಕ್ಷೆಯಮ್ಮ ನಗಲಿಲ್ಲ, ಆದರೆ ತಲೆಯೆತ್ತಿ, ಅಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು.

ಮೇಲೆ ಬಂದ ಮೇಲೆ ಓರೆಯ ಡ್ರೈವಿನಿಂದ ಓದಿ ನೆಟ್ಟಗಿನ ಡ್ರೈವಿನಲ್ಲಿ ಬರೆಯುವ ಕೆಲಸ ಶುರುವಾಯಿತು. ಒಂದೊಂದು ನಕಲನ್ನೂ ಕೆಂಡಣ್ಣ ಕೆಳಗಿನ ಕಚೇರಿಯ ಯಂತ್ರದಲ್ಲಿ ಹಾಕಿ ನೋಡಿಬಂದ. ಮಧ್ಯೆ ಒಮ್ಮೆ ಆತ ತಡವರಿಸುತ್ತ, "ಅಮ್ಮಾ, ನಂದು ದೊಡ್ಡ ತಪ್ಪಾಯ್ತು" ಎಂದ.

"ಆಯ್ತು. ಅದಕ್ಕೇನು ಹೂಂ ಅನ್ಬೇಕಾ ನಾನು? ಸಿಟ್ಟು ಇನ್ನೂ ಇದೆ, ಇರುತ್ತೆ. ಹನ್ನೆರಡನೇದು ಕೊಡಿ."

ಆತ ಕೊಟ್ಟ.

ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಮೂವತ್ತೆಂಟು ಫ್ಲಾಪಿಗಳು ಬಂದವು. ಮೂರು ಬರಲಿಲ್ಲ, ಎಷ್ಟು ತಿರುಗಿಸಿದರೂ ಬರಲಿಲ್ಲ. ಅವುಗಳಲ್ಲಿದ್ದ ಒಂಬತ್ತು ನಕ್ಷೆಗಳನ್ನು ನಕ್ಷೆಯಮ್ಮ ಮುಂದಿನ ತಿಂಗಳುಗಳಲ್ಲಿ, ಹಿಂದೆ ನೇಯ್ದ ಜಮಖಾನೆಗಳನ್ನು ನೋಡಿ ಎಳೆ ಎಳೆಯಾಗಿ ಎಣಿಸಿ ಮತ್ತೆ ಬಿಡಿಸಬೇಕಾಯಿತು. ಕಾರ್ಖಾನೆಯ ರಿಪೇರಿಯನ್ನು ಮ್ಯಾನೇಜರ್ ಬೇರೆಯವರಿಗೆ ವಹಿಸಿದ. ಕೆಂಡಣ್ಣ ಅದನ್ನು ಕೇಳಿ ಕೂಗಾಡಿದನೆಂದೂ ಅರ್ಧದಲ್ಲೇ ನಿಲ್ಲಿಸಿದನೆಂದೂ ಆತನ ಹೆಂಡತಿ ಹೇಳುತ್ತಾಳೆ. ಈಗಲೂ ಆತ ಕೋಪಿಷ್ಠನೇ. ಅಂಗಡಿಗೆ ಬಂದವರ ಮೇಲೆ ಈಗಲೂ ಹರಿಹಾಯುತ್ತಾನೆ. ಆದರೆ ಹರಿಹಾಯುವ ಮೊದಲು ಕುರ್ಚಿ ಎಳೆದು ಕೂರಿಸಿ, ಯಾವಾಗಿನಿಂದ ಹೀಗೆ ಎಂದು ಕೇಳುತ್ತಾನೆ.

ಜಗತ್ತನ್ನು ಅಳತೆ ತಪ್ಪದೆ ನಡೆಸುವ ಸ್ವಾಮಿಯು ಆತನ ಕಣ್ಣಿಗೆ ಇನ್ನೂ ಬಹುಕಾಲ ಬೆಳಕನ್ನೂ ಬೆರಳಿಗೆ ಸ್ಥಿರತೆಯನ್ನೂ ಕೊಡಲಿ. ನಿಜವನ್ನು ಮುಖಕ್ಕೆ ಹೇಳುವ ಆ ಹೆಂಡತಿಯ ನಾಲಿಗೆ ಎಂದೂ ದಣಿಯದಿರಲಿ. ಮಗಳು ವಿದ್ಯೆಯಲ್ಲೂ ತಾಳ್ಮೆಯಲ್ಲೂ ತಂದೆಯನ್ನು ಮೀರಿಸಲಿ. ಆ ಮನೆಯಲ್ಲಿ ಏಳುವ ಕೋಪ ಅನ್ಯಾಯದ ಮೇಲೆ ಮಾತ್ರ ಏಳಲಿ; ಎದ್ದದ್ದು ಊಟದ ಹೊತ್ತಿಗೆ ಇಳಿಯಲಿ. ಅವರು ಮೂವರೂ, ಅವರ ಬಾಗಿಲಿಗೆ ಬಂದವರೂ ನೂರ್ಕಾಲ ಚೆನ್ನಾಗಿರಲಿ.